ಗುಂಡಿನ ಮೂತಿ

ನೆಡ್ರಾ ಸೋಲ್ಬರ್ಗ್ ಒಂದು ಕಡೆ ಕೂತದ್ದನ್ನು ನಾನಂತೂ ಕಂಡಿಲ್ಲ. ಮೊಂಟಾನಾದ ನಮ್ಮ ಕಣಿವೆಯಲ್ಲಿ ಮರದ ಕಾರ್ಖಾನೆ ಮುಚ್ಚಿದಾಗ ಅಲ್ಲಿನ ಹಳೆಯ ಲೇತ್ ಯಂತ್ರವನ್ನು ಮನೆ ಹಿಂದಿನ ಕೊಟ್ಟಿಗೆಗೆ ತಂದುಕೊಂಡು, ತಾಮ್ರದ ಸರಳಿನಿಂದ ಬೇಟೆಯ ಗುಂಡು ಕಡೆಯಲು ಶುರುಮಾಡಿದಳು. ಸೀಸದ ಗುಂಡು ಮಾಂಸದಲ್ಲಿ ಪುಡಿಯಾಗಿ ಉಳಿಯುತ್ತದೆ, ಮೊಮ್ಮಕ್ಕಳ ತಟ್ಟೆಗೆ ಅದು ಬೇಡ ಎನ್ನುವುದು ಅವಳ ಹಟ. ಚಳಿಗಾಲವಿಡೀ ಎಲ್ಕ್ ಕಡವೆಯ ಮಾಂಸವನ್ನೇ ಉಣ್ಣುವ ಮನೆ ಅದು. ಗಂಡ ಡೆಲ್‌ಗೆ ಮಂಡಿ ಕೆಟ್ಟಿದ್ದರಿಂದ ಬೇಟೆ ಮೈದುನ ರಾಯ್ಸ್‌ನ ಪಾಲಿಗೆ ಬಂದಿತ್ತು. ನಾನು ಪಕ್ಕದ ಹೊಲದವನು, ಅವನ ಜೊತೆ ಗುಡ್ಡ ಹತ್ತುವವನು.

ರಾಯ್ಸ್‌ಗೆ ದೂರದ ಹುಚ್ಚು. ಗಾಳಿಗೆ ಬಗ್ಗದ ಗುಂಡು ಮಾಡಿಕೊಡು ಎಂದು ಅತ್ತಿಗೆಯ ಬೆನ್ನು ಹತ್ತಿದ. ಅವಳು ಹೆಣಿಗೆ ಕಡ್ಡಿಯಂಥ ಗುಂಡು ಮಾಡಿದಳು: ಉದ್ದನೆಯ ಮೂತಿ, ಸಣ್ಣಗಾಗುತ್ತ ಹೋಗುವ ಬಾಲ, ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು. ಆ ಬೇಸಿಗೆಯಲ್ಲಿ ಎದುರು ಗುಡ್ಡಕ್ಕೆ ನೇತುಹಾಕಿದ ಕಬ್ಬಿಣದ ತಗಡು, ಗಾಳಿ ಎತ್ತ ಬೀಸಿದರೂ ಠಣ್ಣೆನ್ನುತ್ತಿತ್ತು.

ಅಕ್ಟೋಬರಿನಲ್ಲಿ ಕಮರಿಯಾಚೆ ಒಂದು ಗಂಡು ಎಲ್ಕ್ ಕಂಡಿತು. ರಾಯ್ಸ್ ಮಲಗಿ ಗುರಿಯಿಟ್ಟು ಹೊಡೆದ. ನಾನು ದುರ್ಬೀನಿನಲ್ಲಿ ನೋಡುತ್ತಿದ್ದೆ. ತಗುಲಿದ ಸದ್ದು ಚೆನ್ನಾಗಿಯೇ ಕೇಳಿತು. ಎಲ್ಕ್ ನೊಣ ಕಚ್ಚಿದ ಹಾಗೆ ತಲೆಯೆತ್ತಿ, ನಡೆದುಕೊಂಡೇ ಮರಗಳೊಳಗೆ ಹೋಯಿತು. ಹಿಮದ ಮೇಲೆ ಕುಂಕುಮದ ಚುಕ್ಕಿಯಷ್ಟೂ ರಕ್ತವಿಲ್ಲ. ಕತ್ತಲಾಗುವ ತನಕ ಹುಡುಕಿದೆವು. ಮರುದಿನ ತೊರೆಯ ಪಕ್ಕ ಸಿಕ್ಕಿತು. ಮಾಂಸ ಹುಳಿ ವಾಸನೆ ಹೊಡೆಯುತ್ತಿತ್ತು.

ಸುದ್ದಿ ಕೇಳಿ ನೆಡ್ರಾ ತಾನೇ ಗುಡ್ಡ ಹತ್ತಿ ಬಂದು ಪಕ್ಕೆ ಬಿಡಿಸಿ ನೋಡಿದಳು. ಹೊಕ್ಕ ತೂತೂ ಹೊರಬಿದ್ದ ತೂತೂ ಒಂದೇ ಅಳತೆ, ಪೆನ್ಸಿಲಿನಷ್ಟು.

"ಇದು ಅರಳೇ ಇಲ್ಲ," ಎಂದಳು.

"ಗುರಿ ಇಟ್ಟ ಕಡೆಗೇ ತಗುಲಿತಲ್ಲ ಅತ್ತಿಗೆ," ಎಂದ ರಾಯ್ಸ್.

"ತಗುಲಿತು. ರಾತ್ರಿಯೆಲ್ಲ ಸಾಯ್ತಾ ಇತ್ತಲ್ಲ, ಅದನ್ನೂ ಸೇರಿಸ್ಕೊಂಡು ಹೇಳು."

ಮೈಯೊಳಗೆ ಹೊಕ್ಕ ಗುಂಡಿನ ತಾಮ್ರದ ಮೂತಿ ಹೂವಿನ ಹಾಗೆ ಬಿರಿದರೆ ಮಾತ್ರ ಪ್ರಾಣಿ ಬೇಗ ಸಾಯುತ್ತದೆ, ಹಾಗೆ ಬಿರಿಯಬೇಕಾದರೆ ವೇಗ ಬೇಕು. ಕಮರಿ ದಾಟುವಷ್ಟರಲ್ಲಿ ಗುಂಡಿನ ವೇಗ ಸೋತಿರುತ್ತದೆ. ಮೂತಿಯ ತೂತಿನ ಬಾಯಿ ಅಗಲ ಮಾಡಿದರೆ ಸೋತ ವೇಗಕ್ಕೂ ಬಿರಿಯುತ್ತದೆ, ಆದರೆ ಅಗಲವಾದ ಬಾಯಿಗೆ ಗಾಳಿ ಅಡ್ಡ ಬಂದು ವೇಗ ಇನ್ನೂ ಬೇಗ ಇಳಿಯುತ್ತದೆ. ನೆಡ್ರಾ ಈ ಸುತ್ತಿನೊಳಗೆ ಬಿದ್ದಳು. ದೂರದಿಂದ ಬಂದಷ್ಟೇ ನಿಧಾನವಾಗಿ ಗುಂಡು ತಲುಪಲೆಂದು ಮದ್ದು ಕಡಿಮೆ ಹಾಕಿ, ನೆನೆಸಿದ ಪೇಪರ್ ಕಟ್ಟುಗಳಿಗೆ ಹತ್ತಿರದಿಂದ ಹೊಡೆಯುತ್ತಿದ್ದಳು. ಕಟ್ಟು ಬಿಚ್ಚಿ ಗುಂಡು ಹೆಕ್ಕುವಳು, ಬಾಯಿ ಕೊಂಚ ಕೊರೆಯುವಳು, ಮತ್ತೆ ಹೊಡೆಯುವಳು. ಬೆಳಿಗ್ಗೆ ಬಂದ ಪೇಪರ್ ಮಧ್ಯಾಹ್ನಕ್ಕೆ ಬಕೆಟ್ಟಿನಲ್ಲಿರುತ್ತದೆ, ಲೋಕದ ಸುದ್ದಿಯೇ ನನಗೆ ಗೊತ್ತಾಗುತ್ತಿಲ್ಲ ಎಂದು ಡೆಲ್ ನನ್ನ ಹತ್ತಿರ ಗೊಣಗಿದ.

ವಸಂತಕ್ಕೆ ಹೊಸ ಗುಂಡು ಸಿದ್ಧವಾಯಿತು. ರಾಯ್ಸ್ ಹೊಡೆದ, ತಗಡು ಸುಮ್ಮನಿತ್ತು. ಮತ್ತೆ ಹೊಡೆದ, ಪಕ್ಕದಲ್ಲಿ ಮಣ್ಣು ಹಾರಿತು.

"ಇದು ಗುಂಡೋ, ಬಾಟ್ಲಿ ಬಿರಡೆಯೋ? ಹಳೇದೇ ಕೊಡು ಅತ್ತಿಗೆ."

"ಹಳೇದು ಗುಜರಿಗೆ ಹೋಯ್ತು. ಇದು ಮುನ್ನೂರು ಗಜದ ಒಳಗಿಂದು. ಅದರಾಚೆಗೆ ನನ್ನ ಗುಂಡು ಬೇಡ."

ರಾಯ್ಸ್ ಅಂಗಡಿಯಿಂದ ಚೂಪು ಗುಂಡು ತಂದುಕೊಂಡ. ಭಾನುವಾರದ ಊಟಕ್ಕೆ ಬರುವುದನ್ನೂ ಬಿಟ್ಟ. ಅವನ ಟ್ರಕ್ಕಿನ ಸದ್ದು ಕೇಳಿದಾಗಲೆಲ್ಲ ನೆಡ್ರಾ ಕಿಟಕಿಗೆ ಬರುತ್ತಿದ್ದಳು.

ಮುಂದಿನ ಬೇಟೆಗೆ ಅವಳೇ ನನ್ನ ಜೊತೆ ಬಂದಳು. ಎದುರು ಇಳಿಜಾರಿನಲ್ಲಿ ಹೆಣ್ಣು ಎಲ್ಕ್ ಒಂದು ಮೇಯುತ್ತಿತ್ತು. ತುಂಬಾ ದೂರ. ನಾನು ಕಾಯೋಣ ಎಂದೆ. ಅವಳು ಚೀಲ ಕಳಚಿಟ್ಟು ಹೊಟ್ಟೆಯ ಮೇಲೆ ತೆವಳತೊಡಗಿದಳು. ಗಾಳಿ ಎರಡು ಸಲ ತಿರುಗಿತು, ಎರಡು ಸಲವೂ ಅವಳು ಹಳ್ಳದಲ್ಲಿ ಮುಖ ಹುದುಗಿಸಿ ಮಲಗಿದಳು. ಕೊನೆಗೆ ಹೊಡೆದಾಗ ಎಲ್ಕ್ ನಾಲ್ಕು ಹೆಜ್ಜೆಯಲ್ಲಿ ಬಿತ್ತು.

ಆಚೆ ಬದಿಯ ಚರ್ಮದಡಿಯಲ್ಲಿ ಗುಂಡು ಸಿಕ್ಕಿತು. ಚೆನ್ನಾಗಿಯೇ ಬಿರಿದಿತ್ತು, ಆದರೆ ಬಿರಿದ ಎಸಳುಗಳಲ್ಲಿ ಅರ್ಧದಷ್ಟು ಮುರಿದುಹೋಗಿದ್ದವು. ಒಂದು ಭುಜದ ಮಾಂಸ ರಕ್ತ ಹೆಪ್ಪುಗಟ್ಟಿ ಕರಿಗಟ್ಟಿತ್ತು, ಉಣ್ಣಲು ಬರುವಂತಿರಲಿಲ್ಲ. ಇನ್ನೇನು ಬೇಕು ನಿನಗೆ ಎಂದೆ.

"ಬಿರಿಯೋದು ದೂರಕ್ಕೆ ಕಡಿಮೆ ಆಗಿತ್ತು, ಹತ್ತಿರಕ್ಕೆ ಜಾಸ್ತಿ ಆಯ್ತು," ಎಂದು ಅದನ್ನು ಅಂಗೈಯಲ್ಲಿ ಹೊರಳಿಸುತ್ತಲೇ ಇದ್ದಳು.

ಡೆಲ್ ಫೋನ್ ಮಾಡಿದ್ದನೆಂದು ಕಾಣುತ್ತದೆ, ಆ ಸಂಜೆ ರಾಯ್ಸ್ ಬಂದ. ತಲೆಯೆತ್ತದೆ ಉಂಡ. ಆಮೇಲೆ ಕೇಳಿದ:

"ಒಂದು ಕಡೆ ಕೂರೋಕೆ ಬರದೋಳು, ಅಷ್ಟು ಹತ್ತಿರ ಹೇಗೆ ಹೋದೆ?"

"ಕೂರೋಕೆ ಬರಲ್ಲ ಅಂತಲೇ ಹೋದೆ."

ಅವನು ನಕ್ಕುಬಿಟ್ಟ. ಹೋಗುವಾಗ ಒಂದು ಪೆಟ್ಟಿಗೆ ಗುಂಡು ಕೇಳಿ ತೆಗೆದುಕೊಂಡ. ಆ ವಾರ ಎರಡು ಹಿಂಡು ಕಂಡನಂತೆ, ಎರಡೂ ದೂರವೇ. ಹೊಡೆಯದೆ ಬರಿಗೈಯಲ್ಲಿ ಇಳಿದು ಬಂದ. ಹೀಗಾಗಿ ಆ ಚಳಿಗಾಲ ಎರಡು ಮನೆಗೂ ಒಂದೇ ಎಲ್ಕ್. ಮಾರ್ಚಿನ ಹೊತ್ತಿಗೆ ಸಾರಿನಲ್ಲಿ ಬೀನ್ಸೇ ಹೆಚ್ಚು ತೇಲುತ್ತಿತ್ತು.