ಕಲ್ಲು ಸರಿಸಿದ ಕೈ

ನಮ್ಮ ಅತ್ತೆಯ ಬಲಗೈ ಮೊಣಕೈತನಕ ಸದಾ ತಣ್ಣಗಿರುತ್ತಿತ್ತು. ಹಸಿರು ಬಳೆಗಳನ್ನು ಮೇಲೇರಿಸಿ ಮೀನಿನ ಗಾಜಿನ ತೊಟ್ಟಿಯೊಳಗೆ ಕೈ ಇಳಿಬಿಟ್ಟೇ ಅವರ ಬೆಳಗು ಶುರುವಾಗುವುದು. ಬಳೆಗಳ ಸಂದಿಯಲ್ಲಿ ಒಂದೆಳೆ ಪಾಚಿ ಇಲ್ಲದ ದಿನ ನಾನು ನೋಡಲಿಲ್ಲ.

ನಲವತ್ತರ ದಶಕದ ಮಾತು. ನಿಡೋಣಿಯಿಂದ ವಿಜಾಪುರದ ಆ ಮನೆಗೆ ಕಿರಿಸೊಸೆಯಾಗಿ ಬಂದಾಗ ನನ್ನ ಸಂಗಡ ಒಂದು ಟ್ರಂಕು, ಟ್ರಂಕಿನಲ್ಲಿ ಹಿಡಿಸದಷ್ಟು ಚಿಂತೆ. ರೊಟ್ಟಿ ಹರಿದರೆ? ಹಿರಿಸೊಸೆ ನಕ್ಕರೆ? ಅಡುಗೆಮನೆಗೆ ಕಾಲಿಟ್ಟರೆ ಆ ನೆಗೆಣ್ಣಿಯೇ ಡಬ್ಬಿ ಡಬ್ಬಿ ತೆರೆದು ನೋಡುತ್ತಿದ್ದಳು.

"ಉಪ್ಪು ಎಲ್ಲಿ ಹೋತವಾ? ನಿನ್ನೆ ಇಲ್ಲೇ ಇತ್ತಲ್ಲ!"

ಇಬ್ಬರೂ ಕೂಡಿ ಹುಡುಕಿದೆವು. ಸಿಗುವಷ್ಟರಲ್ಲಿ ಇಬ್ಬರಿಗೂ ನಗು ಬಂದಿತ್ತು. ಇದೊಂದು ಮರೆಗುಳಿ ಮನೆ ಎಂದುಕೊಂಡೆ. ಜೀವಕ್ಕೆ ಒಂಚೂರು ಹಾಯೆನಿಸಿತು.

ಆ ತೊಟ್ಟಿ, ಊರು ಬಿಟ್ಟ ಸಾಹೇಬನೊಬ್ಬನ ಹರಾಜಿನಲ್ಲಿ ಮಾವ ಹಿಡಿದದ್ದು. ಹಳೆಯ ಮೀನು ಗಟ್ಟಿ. ಹೊಸವನ್ನು ಮಾವ ತಂದ ಕೂಡಲೇ ಸುರುವಿ ಬಂದವರಿಗೆ ತೋರಿಸುತ್ತಿದ್ದರು. ಅವು ಬಾಲ ಹರಿದು, ವಾರದಲ್ಲೇ ಹೊಟ್ಟೆ ಮೇಲಾಗುತ್ತಿದ್ದವು. ನಾನು ಬಂದ ತಿಂಗಳೇ ಪುಣೆಯಿಂದ ಬರಣಿಯಲ್ಲಿ ಒಂದು ಕೆಂಪು ಮೀನಿನ ಜೋಡಿ ಬಂತು. "ಇವೂ ಸತ್ತರ ತೊಟ್ಟಿ ನಮ್ಮ ಅಂಗಡಿಗೆ ಒಯ್ತೇನಿ, ಶೇಂಗಾ ತುಂಬಾಕ," ಅಂದರು ಮಾವ. ಅತ್ತೆಯ ಮುಖ ಸಣ್ಣದಾಯಿತು.

ಮಾವ ಬರಣಿ ಬಗ್ಗಿಸಹೋದರೆ ಅತ್ತೆ ಕೈ ಹಿಡಿದರು. "ತಡೀರಿ. ಸೊಸೀನ್ನ ಬಾಗಲದಾಗ ನಿಂದ್ರಿಸಿ ಆರತಿ ಮಾಡ್ತೀರಿ, ಇವನ್ನ ದೂಡ್ತೀರೇನು?"

ಬರಣಿಯನ್ನು ತೊಟ್ಟಿಯಲ್ಲೇ ತೇಲಬಿಟ್ಟರು. ಹೊಸ ನೀರು ಒಗ್ಗಲೆಂದು ಆಗೊಮ್ಮೆ ಈಗೊಮ್ಮೆ ಸೌಟಿನಿಂದ ತೊಟ್ಟಿಯ ನೀರನ್ನು ಅದಕ್ಕೆ ಹನಿಸುವರು. ಪಕ್ಕದ ಮನೆಯಾಕೆ ರೊಟ್ಟಿ ಪುಡಿ ಮಾಡಿಕೊಂಡೇ ಬಂದಳು.

"ಪುಣೆಯಿಂದ ಬಂದಾವ, ಹಸದಿರಬೇಕು ಪಾಪ!"

"ಬೀಗರಲ್ಲ ಬೇ ಅವು. ಇವತ್ತ ಏನೂ ಹಾಕಬ್ಯಾಡ, ನೀರು ಕೆಡ್ತದ."

"ನನ್ನ ರೊಟ್ಟಿ ತಿಂದು ಇಲ್ಲೀತನಕ ಯಾರೂ ಸತ್ತಿಲ್ಲ!"

"ನಿನ್ನ ಗಂಡಗ ಅಭ್ಯಾಸ ಆಗೇದ, ಇವಕ್ಕಿಲ್ಲ."

ಆಮೇಲೆ ಅತ್ತೆ ಬಳೆ ಮೇಲೇರಿಸಿ ತೊಟ್ಟಿಯ ತಳದ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಬೇರೆ ಕಡೆ ಇಟ್ಟರು. ಹಳೆಯ ಮೀನು ಗಾಬರಿಯಾಗಿ ತಿರುಗತೊಡಗಿದವು.

"ಯಾಕ್ರೀ ಅತ್ತಿ?"

"ಹಳೇವಕ್ಕ ಈ ಸಂದಿ ನಂದು ಅಂತ ಹಟ ಇರ್ತದವಾ. ಹೊಸಾದು ಬಂದ್ರ ಕಚ್ತಾವ. ಈಗ ಎಲ್ಲಾರಿಗೂ ಹೊಸ ಮನಿ. ದಾರಿ ಹುಡುಕೂದು ಬಿಟ್ಟು ಜಗಳ ಯಾರು ಆಡ್ತಾರ?"

ಬರಣಿಯ ನೀರು ಸುರಿಯದೆ, ಮೀನನ್ನಷ್ಟೇ ಬೊಗಸೆಯಲ್ಲಿ ಇಳಿಸಿದರು. ಕತ್ತಲಾಗಲೆಂದು ತೊಟ್ಟಿಯ ಮೇಲೆ ಹಳೆಯ ಸೀರೆ ಹೊದಿಸಿದರು. ನಾನು ಅದರ ಸೆರಗೆತ್ತಿ ಇಣುಕುತ್ತಲೇ ಇದ್ದೆ. "ಅತ್ತಾಗ ಸರಿಯವಾ, ನಿನ್ನ ಚಿಂತಿ ಅವಕ್ಕ ಹತ್ತೀತು," ಎಂದು ಗದರಿದರು.

ವಾರ ಕಳೆಯಿತು, ತಿಂಗಳು ಕಳೆಯಿತು. ಆ ಜೋಡಿಯ ಬಾಲ ಹರಿಯಲಿಲ್ಲ. ಮಾವನ ಶೇಂಗಾ ಚೀಲದಲ್ಲೇ ಉಳಿಯಿತು.

ಅತ್ತೆ ತೀರಿಕೊಂಡಾಗ, ಬಂದವರೆಲ್ಲ ಹೋದ ಮೇಲೆ, ನಾನೂ ನೆಗೆಣ್ಣಿಯೂ ಅಡುಗೆಮನೆಯಲ್ಲಿ ಕೂತಿದ್ದೆವು.

"ನೀ ಬರೂ ದಿನ ಮುಂಜಾನೆ ಡಬ್ಬಿ ಎಲ್ಲಾ ಅದಲ-ಬದಲ ಮಾಡಿದವರು ಅವರೇ," ಅಂದಳು. "ಆಮ್ಯಾಲೆ ಗೊತ್ತಾಗಿ ನನಗ ಸಿಟ್ಟು ಬಂದಿತ್ತು. ನಕ್ಕೋತ, 'ನೀವಿಬ್ಬರೂ ಕಚ್ಚಾಡಲಿಲ್ಲಲ್ಲ, ಇನ್ನ ಮೀನಿಗೂ ಮಾಡಿ ನೋಡ್ತೇನಿ' ಅಂದ್ರು."

ಅಂದರೆ ಮೀನು ಉಳಿದದ್ದು ನಮ್ಮನ್ನು ನೋಡಿ! ಇಬ್ಬರೂ ಅತ್ತು ನಕ್ಕೆವು.

ನಾನು ಬಂದು ಇಪ್ಪತ್ತೈದು ವರ್ಷವಾದ ಮೇಲೆ ನಮ್ಮ ಮನೆಗೂ ಸೊಸೆ ಬಂದಳು. ಅದರ ಹಿಂದಿನ ದಿನ ನಾನು ಡಬ್ಬಿಗಳನ್ನೆಲ್ಲ ಸರಿಸಿಟ್ಟೆ. ಈ ಸಲ ಹಳೆಯ ಮೀನು ನಾನೇ ತಾನೆ. ಹುಡುಗಿಗೆ ನಮ್ಮ ಮನೆ ಹಿಡಿಸೀತೋ ಇಲ್ಲವೋ ಎಂಬ ಚಿಂತೆಯಲ್ಲಿ, ಉಪ್ಪು ಎಲ್ಲಿಟ್ಟೆನೆಂಬುದು ನನಗೇ ನೆನಪಿರಲಿಲ್ಲ.

"ಇಲ್ಲೈತ್ರಿ ಅತ್ತಿ," ಎಂದು ನಗುತ್ತ ತೆಗೆದುಕೊಟ್ಟವಳು ಅವಳೇ.