ಬರಿಗೈ ಸೋಕದ ಸೀಸೆಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾಲಯದ ಹಿಂಬಾಗಿಲಿನ ಪಕ್ಕದ ಕೋಣೆಯಲ್ಲಿ ಆಳೆತ್ತರದ ಓವನ್ನಿನ ಬಾಗಿಲು ತೆರೆದುಕೊಳ್ಳುತ್ತದೆ. ಒಳಗೆ ತಿನ್ನುವಂಥದ್ದೇನೂ ಇಲ್ಲ. ಸಾಲು ಸಾಲು ಖಾಲಿ ಗಾಜಿನ ಸೀಸೆಗಳು, ಒಂದೊಂದರ ತಲೆಗೂ ಅಲ್ಯೂಮಿನಿಯಂ ಹಾಳೆಯ ಟೋಪಿ. ರಾತ್ರಿಯಿಡೀ ಬೆಂದ ಅವುಗಳನ್ನು ಒಬ್ಬ ಹೆಂಗಸು ಕೈಗವಸು ತೊಟ್ಟು ಇಳಿಸುತ್ತಿದ್ದಾರೆ. "ಹತ್ರ ಬಂದೇ ನೋಡಿ, ಯಾರು ಬೇಡ ಅಂದ್ರು? ಕೈ ಮಾತ್ರ ಬೆನ್ನ ಹಿಂದೆ ಕಟ್ಕೊಳ್ಳಿ," ಎನ್ನುತ್ತಾರೆ ನಗುತ್ತಾ. ನಗು ನಗುವೇ, ಅಪ್ಪಣೆ ಅಪ್ಪಣೆಯೇ.

ಲ್ಯಾಬಿನವರೆಲ್ಲ ಇವರನ್ನು ಕರೆಯುವುದು ಸೀಸೆ ಅಕ್ಕ ಎಂದು. ಐವತ್ತರ ಆಸುಪಾಸು, ಗಟ್ಟಿ ತೋಳು, ಮೊಣಕೈ ತನಕ ಹಳೆಯ ಸುಟ್ಟ ಕಲೆಗಳು. ದಿನಕ್ಕೆ ಮುನ್ನೂರಕ್ಕೆ ಕಮ್ಮಿಯಿಲ್ಲದಂತೆ ಸೀಸೆ, ಜಾಡಿ, ಅಳತೆಪಾತ್ರೆಗಳು ಇವರ ಕೈ ದಾಟಿ ಹೋಗುತ್ತವೆ. ಬೇಸಿಗೆಯಲ್ಲಿ ಈ ಕೋಣೆಯೊಳಗೆ ಐದು ನಿಮಿಷ ನಿಂತವರಿಗೆ ಸಾಕಪ್ಪಾ ಸಾಕು ಎನಿಸುತ್ತದೆ. ಇವರು ನಿಂತು ಹದಿಮೂರು ವರ್ಷವಾಯಿತು.

ಈ ಲ್ಯಾಬು ಬೆನ್ನು ಹತ್ತಿರುವುದು ಒಂದು ಚಪ್ಪಟೆ ಹುಳುವನ್ನು. ಕಾಲುವೆಯ ನೀರಿನಲ್ಲಿರುವ ಪುಟ್ಟ ಬಸವನಹುಳುಗಳೊಳಗೆ ಅದರ ಮರಿ ಬೆಳೆಯುತ್ತದೆ, ಹೊರಬಂದು ನೀರಿಗಿಳಿದವರ ಚರ್ಮ ಕೊರೆದು ಒಳಸೇರುತ್ತದೆ. ಆಮೇಲೆ ಬಾಡಿಗೆಯನ್ನೂ ಕೊಡದೆ, ಮನೆಯನ್ನೂ ಖಾಲಿ ಮಾಡದೆ, ಗಂಡು ಹೆಣ್ಣು ಜೋಡಿಯಾಗಿ ಕರುಳಿನ ಸುತ್ತಲಿನ ರಕ್ತನಾಳಗಳಲ್ಲಿ ವರ್ಷಗಟ್ಟಲೆ ಸಂಸಾರ ಹೂಡುತ್ತವೆ. ಅವು ಇಟ್ಟ ಮೊಟ್ಟೆಗಳಲ್ಲಿ ಕೆಲವು ಮಲದೊಂದಿಗೆ ಹೊರಬೀಳುತ್ತವೆ; ಎಷ್ಟೋ ಮೊಟ್ಟೆಗಳು ಯಕೃತ್ತಿನಲ್ಲಿ ಸಿಕ್ಕಿಕೊಂಡು ಮೆಲ್ಲಗೆ ಅದನ್ನು ಗಡುಸಾಗಿಸುತ್ತವೆ. ಹುಳುಗಳು ಕಡಿಮೆಯಿದ್ದರೆ ಮಲಪರೀಕ್ಷೆಗೆ ಮೊಟ್ಟೆ ಸಿಗದೆಯೂ ಹೋಗಬಹುದು. ರೋಗ ಇರುತ್ತದೆ, ವರದಿ ಮಾತ್ರ 'ಏನೂ ಇಲ್ಲ' ಎನ್ನುತ್ತದೆ.

ಆದರೆ ಹುಳು ಒಂದು ಸುಳಿವು ಬಿಟ್ಟುಕೊಡುತ್ತದೆ. ಅದೇ ಸಣ್ಣ ಆರ್‌ಎನ್‌ಎ. ಜೀವಕೋಶದಲ್ಲಿ ಯಾವ ವಂಶವಾಹಿಯ ಮಾತು ನಡೆಯಬೇಕು, ಯಾವುದರ ಬಾಯಿ ಮುಚ್ಚಿಸಬೇಕು ಎಂದು ಹದ್ದುಬಸ್ತಿನಲ್ಲಿಡುವ ತೀರಾ ಚಿಕ್ಕ ಎಳೆಗಳು ಇವು. ಹುಳು ಬೆಳೆಯುವುದಕ್ಕೂ ಮೊಟ್ಟೆಯಿಡುವುದಕ್ಕೂ ಇವುಗಳ ನೆರವು ಬೇಕು. ಅವುಗಳಲ್ಲಿ ಕೆಲವನ್ನು ಅದು ಸೂಕ್ಷ್ಮ ಪೊರೆಚೀಲಗಳಲ್ಲಿ ತುಂಬಿ ನಮ್ಮ ರಕ್ತಕ್ಕೂ ಬಿಡುತ್ತದೆ. ಮನುಷ್ಯನಲ್ಲಿ ಇರದಂಥ ಎಳೆ ಮನುಷ್ಯನ ರಕ್ತದಲ್ಲಿ ಸಿಕ್ಕಿತೆಂದರೆ ಒಳಗೆ ಬಿಡಾರ ಇದೆ ಎಂದೇ ಅರ್ಥ. ಅಕ್ಕನ ಬಾಯಲ್ಲಿ ಇದೆಲ್ಲ ಒಂದೇ ಮಾತು: "ಕಳ್ಳ ಕಾಣಲ್ಲ, ಆದ್ರೆ ಕೆಮ್ತಾನೆ. ಆ ಕೆಮ್ಮು ಕೇಳಿಸ್ಕೊಳ್ಳೋ ಲ್ಯಾಬು ಇದು."

ತೊಂದರೆ ಇರುವುದು ನಮ್ಮ ಕೈಯಲ್ಲೇ. ಪೊರೆಯಿಂದ ಹೊರತೆಗೆದ ಆರ್‌ಎನ್‌ಎ ತೀರಾ ನಾಜೂಕಿನದು. ಅದನ್ನು ತರಿದುಹಾಕುವ ಕಿಣ್ವವೊಂದು ನಮ್ಮೆಲ್ಲರ ಚರ್ಮದ ಮೇಲೆ, ಬೆವರಿನಲ್ಲಿ ಇದೆ. ಅದು ಸೋಪಿಗೆ ಜಗ್ಗುವುದಿಲ್ಲ, ಕುದಿಯುವ ನೀರಿಗೂ ಬಗ್ಗುವುದಿಲ್ಲ. ಇನ್ನೂರು ಡಿಗ್ರಿಗೂ ಮೀರಿದ ಒಣ ಶಾಖದಲ್ಲಿ ಗಂಟೆಗಟ್ಟಲೆ ಬೆಂದರೆ ಮಾತ್ರ ಅಡಗುತ್ತದೆ. ಅದಕ್ಕೇ ಈ ಓವನ್ನು, ಈ ಕೈಗವಸು, ಈ ಟೋಪಿ.

ಇಲ್ಲಿಗೆ ಬರುವ ಮೊದಲು ಅಕ್ಕ ಒಂದು ದೊಡ್ಡ ಹಾಸ್ಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು. ಹಾಸ್ಟೆಲು ಮುಚ್ಚಿತು, ಹೊಸದಾಗಿ ಶುರುವಾದ ಲ್ಯಾಬಿಗೆ ತೊಳೆಯುವವರು ಬೇಕಾಗಿತ್ತು. ಪಾತ್ರೆ ತೊಳೆಯುವವರಿಗೆ ತಮ್ಮದೇ ಒಂದು ಪರೀಕ್ಷೆಯುಂಟು. ಒಣಗಿದ ಮೇಲೆ ಬೆರಳಿನಿಂದ ಒಳಗೆ ತಿಕ್ಕಿ ನೋಡಬೇಕು. ಕಿರ್ ಎಂದರೆ ಜಿಡ್ಡು ಹೋಗಿದೆ, ಜಾರಿದರೆ ಇನ್ನೊಮ್ಮೆ ತೊಳೆಯಬೇಕು. "ಅವ್ವ ಕಲಿಸಿಕೊಟ್ಟಿದ್ದು. ಓವನ್ನಿಂದ ತೆಗೆದು ಆರಿದ ಮೇಲೆ ಒಂದೊಂದಕ್ಕೂ ಬೆರಳಾಡಿಸಿ ಕಿರ್ ಅನ್ನಿಸಿಯೇ ಮೇಲೆ ಕಳಿಸ್ತಿದ್ದೆ. ಒಂದು ದಿನಾನೂ ತಪ್ಪಿಸ್ತಿರ್ಲಿಲ್ಲ. ಎಂಥಾ ನಿಯತ್ತು ನೋಡಿ ನಂದು!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಆ ನಿಯತ್ತೇ ಮುಳುವಾಯಿತು. ಕಾಲುವೆ ಬದಿಯ ಊರುಗಳಿಂದ ತಂದ ರಕ್ತದಲ್ಲಿ ಏನೆಂದರೆ ಏನೂ ಕಾಣಲಿಲ್ಲ. ಹುಳುವಿನದಿರಲಿ, ಯಾರ ರಕ್ತದಲ್ಲಾದರೂ ಇರಲೇಬೇಕಾದ ಮನುಷ್ಯನ ಆರ್‌ಎನ್‌ಎ ಕೂಡ ನಾಪತ್ತೆ. ರಾಸಾಯನಿಕ ಬದಲಾಯಿಸಿದರು, ಯಂತ್ರ ಬಿಚ್ಚಿಸಿದರು, ಕರೆಂಟಿಗೆ ಬೈದರು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಹೀಗೇ ಆದರೆ ಕೆಲಸ ನಿಲ್ಲಿಸಬೇಕಾದೀತು ಎಂಬ ಮಾತೂ ಬಂತು. ಒಂದು ಬೆಳಿಗ್ಗೆ ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ ಮೇಡಮ್ಮು, ಒಂದು ಜಾಡಿ ಬೇಕಾಗಿ ತಾವೇ ತೊಳೆಯುವ ಕೋಣೆಗೆ ಬಂದರು. ಬಾಗಿಲಲ್ಲೇ ಅವರ ಕಿವಿಗೆ ಆ ಕಿರ್ ಬಿತ್ತು.

"ಮೇಡಮ್ಮು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ರು. ಕೆಲಸ ಹೋಯ್ತು ಅನ್ಕೊಂಡೆ. ಸುಟ್ಟ ಸೀಸೆಗೆ ನನ್ನ ಬರಿಬೆರಳಿನ ಬೆವರೇ ಮತ್ತೆ ಅಂಟ್ತಿತ್ತು ಅಂತ ಎಲ್ಲಾ ಬಿಡಿಸಿ ಹೇಳಿದ್ರು. ಆಮೇಲೆ, 'ಅಕ್ಕಾ, ತಪ್ಪು ನಿಮ್ದಲ್ಲ. ತೊಳೀರಿ ಅಂದೆ, ಸುಡಿ ಅಂದೆ, ಯಾಕೆ ಅಂತ ಒಂದಿನಾನೂ ಹೇಳ್ಲಿಲ್ಲ, ಅದು ನನ್ನ ತಪ್ಪು' ಅಂದ್ರು." ಹಾಗೆ ಹೇಳುವ ದೊಡ್ಡವರು ಎಷ್ಟು ಮಂದಿ ಸಿಕ್ಕಾರು? ಅಕ್ಕ ಈ ಮಾತನ್ನು ಬಂದವರಿಗೆಲ್ಲ ಹೇಳುತ್ತಾರೆ, ಹೇಳಬೇಕಾದದ್ದೇ.

ಹಾಳಾದ ರಕ್ತವನ್ನು ಮತ್ತೆ ಕೇಳಿ ತರಬೇಕಿತ್ತು. ಕೊಟ್ಟವರ ಮನೆಮನೆಗೆ ಮೇಡಮ್ಮಿನ ಜೊತೆ ಅಕ್ಕನೂ ಹೋದರು. "ತಪ್ಪಾಯ್ತಮ್ಮಾ, ಇನ್ನೊಂದ್ಸಲ ಕೈ ಚಾಚಿ ಅಂತ ಕೇಳ್ದೆ. ಒಬ್ರೂ ಬೈಲಿಲ್ಲ. ಒಬ್ಬಜ್ಜಿ ಅಂತೂ, ಬೇಕಾದ್ರೆ ಎರಡೂ ಕೈ ಚುಚ್ಚಿ ಅಂದ್ಲು!" ಹಾಗೆ ಎರಡನೆಯ ಬಾರಿ ಕೈ ಚಾಚಿದವರಲ್ಲಿ ಅಕ್ಕನ ಒಡಹುಟ್ಟಿದ ತಮ್ಮನೂ ಒಬ್ಬ.

ತಮ್ಮನದು ಕಾಲುವೆಯ ಹೂಳೆತ್ತುವ ಕೆಲಸ. ವರ್ಷದ ಮುಕ್ಕಾಲು ಪಾಲು ಸೊಂಟದ ಮಟ್ಟದ ನೀರಿನಲ್ಲಿ ನಿಲ್ಲುವ ಆತನನ್ನು ಅಕ್ಕ ರೇಗಿಸುವುದು 'ಮೀನು' ಎಂದೇ. ಹೊಟ್ಟೆನೋವು, ಸುಸ್ತು, ಪಕ್ಕೆಯಲ್ಲಿ ಭಾರ ಎಂದು ಆಸ್ಪತ್ರೆಗೆ ಹೋಗಿದ್ದಾಗ ಮಲಪರೀಕ್ಷೆ ಮಾಡಿ 'ಏನೂ ಇಲ್ಲ' ಎಂದು ಕಳಿಸಿದ್ದರು. ಬೆರಳು ಮುಟ್ಟದ ಸೀಸೆಗಳಲ್ಲಿ ಕಲಸಿದ ದ್ರಾವಣದಲ್ಲಿ ಎರಡನೆಯ ರಕ್ತ ಪರೀಕ್ಷೆಗೊಳಗಾದಾಗ ಹುಳು ಕೆಮ್ಮಿತು. ಮತ್ತೆ ಮತ್ತೆ ಮಲ ನೋಡಿದಾಗ ಕೊನೆಗೆ ಮೊಟ್ಟೆಯೂ ಸಿಕ್ಕಿತು. ಮಾತ್ರೆ ಕೊಟ್ಟರು, ಕೆಲವು ವರ್ಷ ಆರಾಮಾಗಿದ್ದ. ಆದರೆ ನೀರಿನವನು ಮತ್ತೆ ನೀರಿಗೇ ಇಳಿದ, ಹೋದ ವರ್ಷ ಹುಳು ಪುನಃ ಹೊಕ್ಕಿತು. ಈ ಸಲ ಯಕೃತ್ತಿಗೆ ಪೆಟ್ಟು ಬಿದ್ದಿದೆ, ಇನ್ನೂ ಹುಳು ಒಳಗೇ ಉಳಿದರೆ ಕಷ್ಟ ಎಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಮತ್ತೆ ಮಾತ್ರೆಯಾಯಿತು. ಕಾಲುವೆ ಬಿಟ್ಟು ನೀರೆತ್ತುವ ಪಂಪಿನ ಮನೆಯಲ್ಲಿ ಕೆಲಸಕ್ಕೆ ಸೇರಿದ್ದೂ ಆಯಿತು. ಹುಳು ಸತ್ತಿತೋ ಇಲ್ಲವೋ, ಅದೊಂದು ತಿಳಿಯಬೇಕು. ಆ ವರದಿ ಬರುವುದು ಇವತ್ತೇ.

ಲ್ಯಾಬಿಗೆ ಬರುವ ರಕ್ತದ ಮೇಲೆ ಹೆಸರಿರುವುದಿಲ್ಲ, ಬರೀ ಸಂಖ್ಯೆ; ಯಾವುದು ಯಾರದೆಂಬ ಪಟ್ಟಿ ಮೇಡಮ್ಮಿನ ಬಳಿ ಮಾತ್ರ. ತಮ್ಮನದು ಯಾವುದೆಂದು ಅಕ್ಕನಿಗೂ ಗೊತ್ತಾಗದು. "ಗೊತ್ತಿಲ್ದೆ ಇದ್ದಿದ್ದೇ ಒಳ್ಳೇದಾಯ್ತು. ಎಲ್ಲಾನೂ ಅವನ್ದೇ ಅನ್ಕೊಂಡು ಸುಡ್ತೀನಿ," ಎನ್ನುತ್ತಾ ಇಳಿಸಿದ ಸೀಸೆಗಳನ್ನು ತಟ್ಟೆಗೆ ಜೋಡಿಸುತ್ತಾರೆ. ಆಸೆ ಏನಾದರೂ ಇದೆಯೇ ಎಂದರೆ, ಕೋಣೆಗೆ ಇನ್ನೊಂದು ಕಿಟಕಿ ಇಟ್ಟರೆ ಚೆನ್ನಾಗಿರುತ್ತಿತ್ತು ಎನ್ನುತ್ತಾರೆ. "ಬೇರೆಲ್ಲಾ ಮೇಡಮ್ಮಿನ ಪುಣ್ಯ."

ಹೊತ್ತೇರಿದ ಮೇಲೆ ತಮ್ಮ ಬರುತ್ತಾನೆ. ಸೊರಗಿದ ಮೈ, ಕೆನ್ನೆ ಒಳಸೇರಿದೆ. ಕೋಣೆಯೆದುರಿನ ಬೆಂಚಿನ ಮೇಲೆ ಕುಳಿತವನು ಅಲ್ಲಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಮೇಡಮ್ಮು ಬಂದು ಆತನ ಪಕ್ಕದಲ್ಲೇ ಕೂರುತ್ತಾರೆ. ಕೈಗವಸಿನ ಅಕ್ಕ ಬಾಗಿಲಿಗೆ ಬಂದು ನಿಲ್ಲುತ್ತಾರೆ.

"ಹುಳದ್ದು ಏನೂ ಇಲ್ಲಪ್ಪಾ," ಎನ್ನುತ್ತಾರೆ ಮೇಡಮ್ಮು.

ತಮ್ಮನ ಮುಖ ಅರಳುವುದಿಲ್ಲ. "ಆಸ್ಪತ್ರೇಲೂ ಹಂಗೇ ಅಂದಿದ್ರು ಮೇಡಮ್ಮಾ, ಏನೂ ಇಲ್ಲ ಅಂತ. ಇಲ್ಲೂ ಮೊದ್ಲನೇ ಸಲ ಏನೂ ಕಾಣ್ಲಿಲ್ಲ ಅಂದ್ರಿ."

ಮೇಡಮ್ಮು ಸಮಾಧಾನವಾಗಿ ವಿವರಿಸುತ್ತಾರೆ. ಆಗ ಮನುಷ್ಯನ ಆರ್‌ಎನ್‌ಎ ಕೂಡ ಕಂಡಿರಲಿಲ್ಲ, ಈ ಸಲ ಆತನದು ಚೆನ್ನಾಗಿ ಕಂಡಿದೆ, ಹುಳುವಿನದು ಮಾತ್ರ ಇಲ್ಲ, ಮಲಪರೀಕ್ಷೆಯಲ್ಲೂ ಮೊಟ್ಟೆಯಿಲ್ಲ. ಆತ ಹೂಂಗುಟ್ಟುತ್ತಾನೆ. ಅರ್ಥವಾಗದೆ ಏನಿಲ್ಲ, ನಂಬಲು ಮಾತ್ರ ಹೆದರಿಕೆ. ಕಡೆಗೆ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಾನೆ.

"ಅಕ್ಕಾ, ನೀನ್ ಹೇಳು. ನಿಜವಾಗ್ಲೂ ಇಲ್ವಾ?"

ಅಕ್ಕ ಒಂದೊಂದಾಗಿ ಕೈಗವಸು ಕಳಚುತ್ತಾರೆ. ಹತ್ತಿರ ಹೋಗಿ ಎರಡೂ ಕೈಗಳಿಂದ ತಮ್ಮನ ಮುಖ ಹಿಡಿಯುತ್ತಾರೆ.

"ಸೀಸೆ ನಾನೇ ಸುಟ್ಟಿದ್ದು ಕಣೋ. ಇಲ್ಲ ಅಂದ್ರೆ ಇಲ್ಲ."