ನೀಲಿ ಗಾಡಿ ಬಿಟ್ಟಿಳಿಯದ ಮಾರೇಶ

ಕೊಟ್ಟೂರಿನ ಟ್ರ್ಯಾಕ್ಟರ್ ಷೋರೂಮಿನಲ್ಲಿ ಬಿಡಿಭಾಗದ ಕೌಂಟರಿನ ಹಿಂದೆ ಕೂತು ಇಪ್ಪತ್ತೆರಡು ವರ್ಷ ಸವೆಸಿದವನು ನಾನು. ನಟ್ಟು, ಬೋಲ್ಟು, ಫಿಲ್ಟರು ಎತ್ತಿ ಕೊಟ್ಟು ಕೊಟ್ಟು ಮನುಷ್ಯರ ಮೇಲಿನ ಆಸಕ್ತಿ ಕಡಿಮೆಯಾಗಿತ್ತು. ಆದರೂ ಮಾರೇಶನ ವಿಷಯ ಬಂದರೆ ಇವತ್ತಿಗೂ ಸಿಟ್ಟು ಬರುತ್ತದೆ. ಅವನ ಮೇಲೆ ಸ್ವಲ್ಪ, ನನ್ನ ಮೇಲೆ ಹೆಚ್ಚು.

ಕಂಪನಿಗಳ ಹೆಸರು ಬೇಡ. ನಮ್ಮ ಕಡೆ ಯಾರೂ ಹೇಳುವುದೂ ಇಲ್ಲ, ಬಣ್ಣದ ಮೇಲೇ ಗುರುತು. ನಮ್ಮದು ನೀಲಿ ಗಾಡಿ, ಹಗರಿಬೊಮ್ಮನಹಳ್ಳಿಯಲ್ಲಿದ್ದವರದು ಕೆಂಪು ಗಾಡಿ. ನಮ್ಮ ಮಾಲೀಕ ಗುರುಬಸವರಾಜರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಮಾರೇಶ ಅವರ ಡ್ರೈವರ್. ಹೊಸ ಗಾಡಿಯನ್ನು ಊರಿಗೆ ಮುಟ್ಟಿಸುವುದು, ಹೊಲದಲ್ಲಿ ಓಡಿಸಿ ತೋರಿಸುವುದು, ಪಂದ್ಯವಿದ್ದರೆ ಪಂದ್ಯಕ್ಕೆ ಇಳಿಯುವುದು ಅವನ ಕೆಲಸ.

ಪಂದ್ಯವೆಂದರೆ ರಿವರ್ಸ್ ಪಂದ್ಯ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಎರಡು ಸುಣ್ಣದ ಗೆರೆಗಳ ನಡುವೆ ಹಿಂದಕ್ಕೆ ಓಡಿಸಬೇಕು. ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರೇಲರ್ ಬಲಕ್ಕೆ ಹೋಗುತ್ತದೆ. ಎಂಥೆಂಥ ಡ್ರೈವರುಗಳೂ ನಾಲ್ಕು ಮಾರು ಹೋಗುವಷ್ಟರಲ್ಲಿ ಗೆರೆ ತುಳಿದು ಪೆಚ್ಚು ಮೋರೆ ಹಾಕಿ ಇಳಿಯುತ್ತಿದ್ದರು. ಮಾರೇಶ ಮಾತ್ರ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು, ಸೀಟಿನ ಮೇಲೆ ಅರ್ಧ ತಿರುಗಿ ಕೂತು, ಅವಸರವಿಲ್ಲದೆ ಕೊನೆ ಮುಟ್ಟಿಸುತ್ತಿದ್ದ. ತೊಂಬತ್ತೇಳರಿಂದ ಮೂರು ವರ್ಷ ಹಗರಿಬೊಮ್ಮನಹಳ್ಳಿಯಲ್ಲಿ ಅವನೇ ಗೆದ್ದ. ಗೆದ್ದಾಗಲೆಲ್ಲ ಸಾವ್ಕಾರ್ರು ಹಾರ ಹಾಕಿದ್ದು ಗಾಡಿಗೆ.

ಇನ್ನೊಂದು ಪದ್ಧತಿಯಿತ್ತು. ಹೊಸ ಗಾಡಿ ಹೋದ ದಿನ ಹೊಲದಲ್ಲಿ ಮೊದಲ ಸಾಲನ್ನು ಡ್ರೈವರನೇ ಹೊಡೆಯಬೇಕು. ಮನೆಯವರು ಗಾಲಿಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಅವನ ಕೈಗೆ ಕುಂಕುಮ ಹಚ್ಚುತ್ತಾರೆ. ಸಾಲು ಮುಗಿಸಿ ಇಳಿದ ಮೇಲೆ ಮನೆಯ ಹಿರಿಯ, "ಹೆಂಗೈತಪ್ಪಾ ಗಾಡಿ?" ಎಂದು ಕೇಳುತ್ತಾನೆ. ಮಾರೇಶ ಮೊದಮೊದಲು "ಚಲೋ ಐತ್ರಿ" ಎಂದು ತಲೆ ತಗ್ಗಿಸುತ್ತಿದ್ದ. ಸಾವ್ಕಾರ್ರಿಗೆ ಅದು ಸಪ್ಪೆ ಎನಿಸಿತು. "ರಾಮಣ್ಣ, ಇವ್ನಿಗೊಂದು ಗಟ್ಟಿ ಮಾತು ಕಲಿಸಪಾ" ಎಂದರು. ನಾನು ಹಳೇ ಬಿಲ್ಲಿನ ಹಿಂದೆ ಗೀಚಿಕೊಟ್ಟೆ: "ಈ ಗಾಡಿ ಬಿಟ್ಟು ಬ್ಯಾರೆ ಗಾಡಿ ನಾ ಹತ್ತಂಗಿಲ್ರಿ. ಇದು ನನ್ನ ಮಾತು."

ನನಗದು ಎರಡು ನಿಮಿಷದ ತಮಾಷೆ. ಮಾರೇಶ ಅದನ್ನು ಗಾಡಿಯ ಮೇಲೆ ಕೈಯಿಟ್ಟು ಹೇಳತೊಡಗಿದ. ಇಟ್ಟಿಗಿಯ ಮರುಳಪ್ಪ ಗೌಡರ ಎರೆ ಹೊಲದಲ್ಲಿ ಹೇಳಿದ, ಕಾನಹೊಸಹಳ್ಳಿಯ ಕೆಂಪು ಮಸಾರಿ ನೆಲದಲ್ಲಿ ಹೇಳಿದ. ಅವನು ಕೇರಿಯವನು. ಅವನಪ್ಪ ಇಂಥ ಮನೆಗಳ ಅಂಗಳದ ಹೊರಗೆ ನಿಂತು ಕೂಲಿ ಇಸಿದುಕೊಂಡವನು. ಮಗನಿಗೂ ಚಹಾ ಹೊಲಕ್ಕೇ ಬರುತ್ತಿತ್ತು, ಒಳಕ್ಕೆ ಕರೆಯುತ್ತಿರಲಿಲ್ಲ. ಆದರೆ ಮಾತು ಮುಗಿದ ಮೇಲೆ ಹಿರಿಯರು ಅವನ ಮುಖ ನೋಡಿ ತಲೆಯಾಡಿಸುತ್ತಿದ್ದರಲ್ಲ, ಅದನ್ನು ಅವನು ಮನೆಗೆ ಬಂದು ಹೆಂಡತಿ ಶಿವಗಂಗಾಳಿಗೆ ಹೇಳುತ್ತಿದ್ದ.

ಮೂರನೆಯ ಸಲ ಗೆದ್ದ ವಾರದಲ್ಲೇ ಕೆಂಪು ಕಂಪನಿಯ ಅಧಿಕಾರಿ ಯರ್ರಿಸ್ವಾಮಿ ಅವನ ಮನೆ ಹುಡುಕಿಕೊಂಡು ಬಂದರು. ಹುಬ್ಬಳ್ಳಿಯಲ್ಲಿ ಕೆಲಸ, ಇರಲಿಕ್ಕೆ ಮನೆ, ಎರಡರಷ್ಟು ಸಂಬಳ. ಮಹಾರಾಷ್ಟ್ರ, ಆಂಧ್ರದ ಪಂದ್ಯಗಳಿಗೆಲ್ಲ ಕಂಪನಿಯ ಖರ್ಚಿನಲ್ಲಿ ಹೋಗಬಹುದು. ಹದಿನೈದು ದಿನದಲ್ಲಿ ಹೇಳಬೇಕು.

ಹದಿಮೂರನೆಯ ದಿನ ಶಿವಗಂಗಾ ನನ್ನನ್ನು ಕರೆಸಿದಳು. ಹಾಸ್ಟೆಲಿನಲ್ಲಿ ಅಡಿಗೆ ಮಾಡಿ ಅವಳ ಮೊಣಕೈತನಕ ಬಿಸಿ ತಾಗಿದ ಕಲೆಗಳು. ಮಗಳನ್ನು ಹುಬ್ಬಳ್ಳಿಯ ಶಾಲೆಗೆ ಹಾಕುವ ಆಸೆಯನ್ನು ಆಕೆ ಆಗಲೇ ಓಣಿಯವರಿಗೆಲ್ಲ ಹೇಳಿಬಿಟ್ಟಿದ್ದಳು.

"ನೀವರ ಹೇಳ್ರಿ ಅಣ್ಣಾರ. ನನ್ ಮಾತು ಕೇಳವಲ್ರು."

"ಲೇ ಮಾರೇಶ, ಹುಚ್ಚ ಅದೀಯೇನು? ಹೋಗಲೇ" ಎಂದೆ.

"ಇನ್ನೂರಕ್ಕ ಮಿಕ್ಕಿ ಮನಿಯಾಗ ಹೇಳೀನ್ರಿ ರಾಮಣ್ಣ, ಬ್ಯಾರೆ ಗಾಡಿ ಹತ್ತಂಗಿಲ್ಲ ಅಂತ. ನಾಳೆ ಕೆಂಪು ಗಾಡಿ ಮ್ಯಾಲ ಕುಂತು ಇಟ್ಟಿಗಿಗೆ ಹೋದ್ರ ಮರುಳಪ್ಪ ಗೌಡ್ರ ಮುಖ ಹೆಂಗ ನೋಡ್ಲಿ? ನಮ್ಮಪ್ಪನ ಮಾತು ಯಾರೂ ಕೇಳ್ತಿದ್ದಿಲ್ಲ. ನನ್ನ ಮಾತು ನಂಬಿ ಅವ್ರು ಗಾಡಿ ತಗೊಂಡಾರ."

"ಅದು ವ್ಯಾಪಾರದ ಮಾತಲೇ! ನಾನ ಬರ್ದುಕೊಟ್ಟಿದ್ದು!"

"ಬರ್ದೋರು ನೀವು. ಹೇಳಿದಾಂವ ನಾನು."

ಶಿವಗಂಗಾ ಬಹಳ ಹೊತ್ತು ಅವನನ್ನೇ ನೋಡಿದಳು. ಕೊನೆಗೆ, "ಅಷ್ಟು ಮಂದಿ ನಂಬ್ಯಾರಂದ್ರ ಬ್ಯಾಡ ಬಿಡ್ರಿ" ಎಂದು ಚಹಾದ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ಕೆಲಸ ಹರಪನಹಳ್ಳಿಯ ಒಬ್ಬ ಡ್ರೈವರನಿಗೆ ಸಿಕ್ಕಿತು. ವರ್ಷದೊಳಗೆ ಸಾಂಗ್ಲಿಯ ಪಂದ್ಯ ಗೆದ್ದು ಪೇಪರಿನಲ್ಲಿ ಅವನ ಫೋಟೋ ಬಂತು. ಮಾರೇಶ ಅದನ್ನು ನನ್ನ ಕೌಂಟರಿನ ಮೇಲೆ ಹರಡಿ ನೋಡಿ, "ಟ್ರೇಲರ್ ಸಣ್ಣದೈತಿ" ಎಂದಷ್ಟೇ ಹೇಳಿದ.

ಆಮೇಲಿನ ಐದು ವರ್ಷದಲ್ಲಿ ಹೇಳುವಂಥದ್ದೇನೂ ಇಲ್ಲ. ನೀಲಿ ಕಂಪನಿ ಸೊರಗುತ್ತ ಬಂತು. ಪಂದ್ಯಗಳಿಗೆ ಗಾಡಿ ಕಳಿಸುವುದನ್ನು ನಿಲ್ಲಿಸಿದರು, ಬಿಡಿಭಾಗ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ರೈತರು ಬಂದು ಬೈಯುತ್ತಿದ್ದುದು ಮಾರೇಶನಿಗೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು, ರಜೆಯ ದಿನ ಸ್ಪ್ಯಾನರ್ ಹಿಡಿದು ಅವರ ಊರಿಗೆ ಹೋಗಿ ಕೈಲಾದಷ್ಟು ರಿಪೇರಿ ಮಾಡಿ ಬರುತ್ತಿದ್ದ. ಸೊಂಟ ಹಿಡಿದುಕೊಂಡಿತು. ನಲವತ್ತಕ್ಕೇ ಅರವತ್ತರವನಂತೆ ಗಾಡಿ ಇಳಿಯತೊಡಗಿದ.

ಎರಡು ಸಾವಿರದ ನಾಲ್ಕರಲ್ಲಿ ಒಂದು ಸೋಮವಾರ ನಾನು ಕೆಲಸಕ್ಕೆ ಹೋದಾಗ ಪೇಂಟರ್ ಏಣಿ ಹತ್ತಿ ನಮ್ಮ ಬೋರ್ಡಿಗೆ ಕೆಂಪು ಬಳಿಯುತ್ತಿದ್ದ. ಸಾವ್ಕಾರ್ರು ಕೆಂಪು ಕಂಪನಿಯ ಏಜೆನ್ಸಿ ತಗೊಂಡಿದ್ದರು. ನಮಗ್ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಮಾರೇಶ ರಸ್ತೆಯ ಆಚೆಯೇ ನಿಂತುಬಿಟ್ಟ. ಸಾವ್ಕಾರ್ರು ನಗುತ್ತ, "ಯಾಕೋ, ಒಳಗ ಬಾ. ಬಣ್ಣ ಬದ್ಲಾಗೈತಿ, ನಾನೇನು ಬದ್ಲಾಗೀನೇನು?" ಎಂದರು.

ಎರಡು ದಿನ ಅವನು ಬರಲಿಲ್ಲ. ಮೂರನೆಯ ದಿನ ಹುಬ್ಬಳ್ಳಿಯ ಬಸ್ಸು ಹತ್ತಿ ಹೋಗಿ ಅಲ್ಲಿನ ನೀಲಿ ಗಾಡಿಯ ಷೋರೂಮಿನಲ್ಲಿ ಕೆಲಸ ಕೇಳಿದ. ಮೂವತ್ತೈದರೊಳಗಿನವರು ಬೇಕು ಎಂದರಂತೆ. ನಾಲ್ಕನೆಯ ದಿನ ಬಂದು ಕೆಂಪು ಗಾಡಿಗಳ ಧೂಳು ಒರೆಸತೊಡಗಿದ. "ಎಲ್ಲಾ ಕೆಲಸ ಮಾಡ್ತೀನ್ರಿ, ಗಾಡಿ ಹತ್ತೋದು, ಮೊದಲ ಸಾಲು ಹೊಡಿಯೋದು ಬಿಟ್ಟು" ಎಂದು ಸಾವ್ಕಾರ್ರಿಗೆ ಹೇಳಿದ್ದ. ಅವರು ಆಗಲಿ ಎಂದರು. ಹಾಗೆ ಎರಡು ತಿಂಗಳು ನಡೆಯಿತು.

ಆಮೇಲೆ ಇಟ್ಟಿಗಿಯ ಮರುಳಪ್ಪ ಗೌಡರೇ ಬಂದರು. ಹಳೇ ನೀಲಿ ಗಾಡಿ ಕೊಟ್ಟು ಕೆಂಪು ತಗೊಂಡರು. "ಸಾಲು ಮಾರೇಶನ ಹೊಡೀಬೇಕು. ಅವನ ಕೈಗುಣ ಚಲೋ ಐತಿ" ಎಂದು ಪಟ್ಟು ಹಿಡಿದರು. ಸಾವ್ಕಾರ್ರು ಮಾರೇಶನ ಕಡೆ ನೋಡಿದರು. ಅದು ನೋಟವಷ್ಟೇ, ಆದರೆ ಮೂರು ಹೊತ್ತಿನ ಊಟ ಅದರಲ್ಲಿತ್ತು.

ಕಾಗದಪತ್ರ ಹಿಡಿದು ನಾನೂ ಹೋದೆ. ಗಾಡಿ ಹತ್ತುವ ಮುಂಚೆ ಮಾರೇಶ ಗೌಡರ ಎದುರು ಕೈಮುಗಿದು ನಿಂತ.

"ಗೌಡ್ರ, ಆರು ವರ್ಷದ ಹಿಂದ ಇದ ಹೊಲದಾಗ ನಿಮಗೊಂದು ಮಾತು ಹೇಳಿದ್ನಲ್ರಿ. ಬ್ಯಾರೆ ಗಾಡಿ ಹತ್ತಂಗಿಲ್ಲ ಅಂತ. ಇವತ್ತು ಹತ್ತಾಕತ್ತೀನಿ. ತಪ್ಪಾತ್ರಿ."

ಗೌಡರು ಹಣೆ ಗಂಟಿಕ್ಕಿ ನೆನಪಿಸಿಕೊಳ್ಳಲು ನೋಡಿದರು. ಪ್ರಾಮಾಣಿಕವಾಗಿ ನೋಡಿದರು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

"ಹಂಗಂದಿದ್ದೇನು? ನನಗ ನೆಪ್ಪ ಇಲ್ಲಪಾ. ಗಾಡಿ ಮಾರೋರು ಏನೇನೋ ಹೇಳ್ತಾರ, ಅದನ್ನೆಲ್ಲ ಯಾರು ಇಟ್ಕಂತಾರ? ಹತ್ತು, ಹತ್ತು, ಹೊತ್ತಾಗತೈತಿ."

ಮಾರೇಶ ಹತ್ತಿದ. ಸಾಲು ಹೊಡೆದ, ಎಂದಿನಂತೆ ನೆಟ್ಟಗೆ. ಇಳಿದ ಮೇಲೆ ಗಾಡಿ ಹೇಗಿದೆ ಎಂದು ಗೌಡರು ಕೇಳಿದರು. "ಚಲೋ ಐತ್ರಿ" ಎಂದ.

ಕೊಟ್ಟೂರಿಗೆ ವಾಪಸು ಬಸ್ಸಿನಲ್ಲಿ ಬಂದೆವು. ನಾನು ಏನಾದರೂ ಹೇಳಬೇಕಿತ್ತು, ಕ್ಷಮೆಯಾದರೂ ಕೇಳಬೇಕಿತ್ತು. ಕೇಳಲಿಲ್ಲ. ಇಳಿಯುವಾಗ ಅವನೇ ನನ್ನ ತೋಳು ಹಿಡಿದು, "ಗೌಡ್ರು ಮರ್ತಾರಂತ ಶಿವಗಂಗಾಗ ಹೇಳಬ್ಯಾಡ್ರಿ" ಎಂದ.

ಮರುದಿನ ಬೆಳಿಗ್ಗೆ ಆಕೆ ಹಾಸ್ಟೆಲಿಗೆ ಹೋಗುವ ದಾರಿಯಲ್ಲಿ ಕೌಂಟರಿಗೆ ಬಂದಳು. ರಾತ್ರಿ ಗಂಡ ಊಟ ಮಾಡಿರಲಿಲ್ಲವಂತೆ.

"ಇಟ್ಟಿಗಿ ಗೌಡ್ರು ಏನಂದ್ರು ಅಣ್ಣಾರ?"

"ಭಾಳ ಬೈದ್ರವ್ವಾ" ಎಂದೆ. "ಅಷ್ಟು ಗಟ್ಟಿ ಮಾತು ಕೊಟ್ಟಾಂವ ಹೆಂಗ ಹತ್ತಿದಿ ಅಂತ ಮಂದಿ ಮುಂದ ಬೈದ್ರು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಐದು ವರ್ಷದಲ್ಲಿ ಅವಳ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ.

"ಹಂಗಾರ ಆಗ ಹುಬ್ಬಳ್ಳಿಗೆ ಹೋಗದಿದ್ದದ್ದ ಚಲೋ ಆತು ಬಿಡ್ರಿ" ಎಂದು ಹೇಳಿ ಕೆಲಸಕ್ಕೆ ಹೋದಳು.